ಬೋಳು ಕಡ್ಡಿ

ಅಕ್ಕ ಖಾಲಿ ಗೋಣಿಚೀಲ ಹಿಡಿದುಕೊಂಡೇ ಕ್ಷೌರದಂಗಡಿಯ ಮೆಟ್ಟಿಲು ಹತ್ತಿದಳು. ಕುರ್ಚಿಯಲ್ಲಿ ನಿವೃತ್ತ ಮೇಷ್ಟ್ರು ಮುಖದ ತುಂಬ ನೊರೆ ಹಚ್ಚಿಸಿಕೊಂಡು ಕೂತಿದ್ದರು. ಅವರ ನುಣ್ಣನೆಯ ಬೋಳುತಲೆಯ ನಡುನೆತ್ತಿಯಲ್ಲಿ ಉಳಿದಿದ್ದ ನಾಲ್ಕು ಕೂದಲನ್ನು ಬೆರಳಲ್ಲಿ ಹಿಡಿದು, “ಇದನ್ನೂ ತೆಗೆದುಬಿಡ್ಲಾ ಮೇಷ್ಟ್ರೇ?” ಎಂದು ತಮ್ಮ ಕೇಳುತ್ತಿದ್ದ. ತಿಂಗಳಿಗೊಮ್ಮೆ ಕೇಳುವುದು ಅವನ ರೂಢಿ. “ಮುಟ್ಟಬೇಡ” ಎನ್ನುವುದು ಅವರ ರೂಢಿ. ಅಕ್ಕನ ಕೈಯಲ್ಲಿ ಚೀಲ ಕಂಡವನೇ ಅವನು ಆ ಕೂದಲನ್ನು ಬಿಟ್ಟ.

“ಹೂ ಬಿಡ್ತಾ?” ಅಂದಳು ಅಕ್ಕ.

“ಬಿಡುತ್ತೆ ಅಕ್ಕ. ಎಲೆ ನೋಡು, ಎಣ್ಣೆ ಹಚ್ಚಿದ ಹಾಗೆ ಮಿಂಚ್ತಿದೆ.”

“ಎಲೆ ನೋಡೋಕೆ ಅಮ್ಮ ಬಳ್ಳಿ ಬೆಳೆಸಿದ್ಲಾ? ಮೂರು ವರ್ಷದಿಂದ ಇದೇ ರಾಗ. ಕುಂಡ ಇಳಿಸು, ನಾನು ತಗೊಂಡು ಹೋಗ್ತೀನಿ.”

ಅದು ಅಮ್ಮನ ಕಿಟಕಿಯಲ್ಲಿದ್ದ ಮೇಣದ ಹೂವಿನ ಬಳ್ಳಿ. ಅಂಗಡಿ ತೆರೆದ ದಿನ ಅಮ್ಮನೇ ಒಂದು ಗೆಣ್ಣು ಮುರಿದು ನೆಟ್ಟು ಕೊಟ್ಟಿದ್ದಳು. ಈಗ ಅಮ್ಮನೂ ಇಲ್ಲ, ಕಿಟಕಿಯ ಬಳ್ಳಿಯೂ ಇಲ್ಲ. ಉಳಿದದ್ದು ಈ ಕನ್ನಡಿಯ ಸುತ್ತ ಹಬ್ಬಿರುವುದೊಂದೇ. ಮೂರು ವರ್ಷದ ಹಿಂದೆ ಒಂದೇ ಒಂದು ಗೊಂಚಲು ಬಿಟ್ಟು, ಆಮೇಲೆ ಮುನಿಸಿಕೊಂಡಂತೆ ಸುಮ್ಮನಾಗಿತ್ತು. ಅಕ್ಕನಿಗೆ ಅಮ್ಮನ ಕೋಣೆಯ ಆ ವಾಸನೆ ಇನ್ನೊಮ್ಮೆ ಬೇಕು. ತಮ್ಮನಿಗೋ, ಬಳ್ಳಿ ಹೋದರೆ ಅಂಗಡಿಯಲ್ಲಿ ಉಳಿಯುವುದು ಎರಡು ಕುರ್ಚಿ, ಒಂದು ಕನ್ನಡಿ.

“ಮಣ್ಣು ಒಣಗಿದ ಮೇಲೇ ನೀರು ಹಾಕ್ತೀನಿ. ಬೆಳಗಿನ ಬಿಸಿಲು ಕಿಟಕೀಲಿ ಬರುತ್ತೆ. ಬೇರು ಇಕ್ಕಟ್ಟಲ್ಲಿದ್ರೇ ಹೂ ಅಂತ ಅಮ್ಮ ಹೇಳಿದ್ಲು, ಅದಕ್ಕೇ ಕುಂಡಾನೂ ಬದಲಾಯಿಸಿಲ್ಲ. ಇನ್ನೇನ್ ಮಾಡ್ಲಿ ಹೇಳು?”

“ಹೌದಮ್ಮ, ಹೆಂಡ್ತಿಗಿಂತ ಚೆನ್ನಾಗಿ ನೋಡ್ಕೊಳ್ತಾನೆ,” ಎಂದು ಮೇಷ್ಟ್ರು ನೊರೆಯೊಳಗಿಂದ ಸಾಕ್ಷಿ ಹೇಳಿದರು. “ಲೋ, ನೊರೆ ಒಣಗ್ತಿದೆ ಕಣೋ.”

ಅಕ್ಕ ಯಾರ ಮಾತಿಗೂ ಕಾಯದೆ ಸ್ಟೂಲು ಹತ್ತಿ, ಬಳ್ಳಿಯನ್ನು ಮೊಳೆಗೆ ಕಟ್ಟಿದ್ದ ದಾರ ಬಿಚ್ಚತೊಡಗಿದಳು. ತಮ್ಮನಿಗೆ ಏನೂ ತೋಚಲಿಲ್ಲ. ತೋಚದಿದ್ದಾಗ ಅವನ ಕೈ ತಾನಾಗಿ ಕತ್ತರಿಗೆ ಹೋಗುತ್ತದೆ. ಕನ್ನಡಿಯ ಮೂಲೆಯಲ್ಲಿ, ಎಲೆಯ ಬುಡದಿಂದ ಅರ್ಧ ಬೆರಳುದ್ದದ ಬೋಳು ಕಡ್ಡಿಯೊಂದು ಹೊರಚಾಚಿತ್ತು. ಕಿಚಕ್.

“ಏನೋ ಅದು ಕತ್ತರಿಸಿದ್ದು?”

“ಏನಿಲ್ಲಕ್ಕ, ಒಣಕಡ್ಡಿ. ಆಗಾಗ ಬರ್ತಾ ಇರುತ್ತೆ. ಎಲೆ ಇಲ್ಲ ಏನಿಲ್ಲ, ಎದ್ದು ನಿಂತ ಕೂದಲಿನ ಹಾಗೆ. ಗಿರಾಕಿಗಳ ಕಣ್ಣಿಗೆ ಚೆನ್ನಾಗಿರಲ್ಲ ಅಂತ ಒಂದೂ ಬಿಡಲ್ಲ.”

ಅಕ್ಕ ಇಳಿದು ಬಂದು, ನೆಲದ ಮೇಲಿನ ಕೂದಲ ನಡುವೆ ಬಿದ್ದಿದ್ದ ತುಂಡನ್ನು ಹೆಕ್ಕಿದಳು. ಕತ್ತರಿಸಿದ ಕಡೆ ಬೆಳ್ಳಗೆ ಹಾಲು ಒಸರುತ್ತಿತ್ತು. ಇನ್ನೊಂದು ತುದಿಯಲ್ಲಿ ಎಳ್ಳಿನ ಕಾಳಿನಷ್ಟು ಚಿಕ್ಕ ಗುಳ್ಳೆಗಳು.

“ಒಣಕಡ್ಡೀಲಿ ಹಾಲು ಬರುತ್ತೇನೋ? ಹೂವಿನ ತೊಟ್ಟು ಕಣೋ ಇದು! ಒಂದ್ಸಲ ಬಿಟ್ಟ ತೊಟ್ಟಲ್ಲೇ ವರ್ಷ ವರ್ಷಾನೂ ಮತ್ತೆ ಬಿಡುತ್ತೆ. ಅಮ್ಮ ನನಗೆ ಅದನ್ನ ಮುಟ್ಟೋಕೂ ಬಿಡ್ತಿರ್ಲಿಲ್ಲ.”

“ನನಗೆ ಹೇಳ್ಲೇ ಇಲ್ವಲ್ಲ ಅವಳು!”

“ಬಳ್ಳಿಗೂ ಕ್ಷೌರ ಮಾಡೋ ಮಗನ್ನ ಹೆತ್ತಿದೀನಿ ಅಂತ ಅವಳಿಗೇನ್ ಗೊತ್ತಿತ್ತು? ಕೆಲಸವಿಲ್ಲದ ಬಡಗಿ ಮಗನ ಕುಂಡೆ ಕೆತ್ತಿದ್ನಂತೆ!”

ಮೇಷ್ಟ್ರು ನಕ್ಕ ರಭಸಕ್ಕೆ ನೊರೆ ಕನ್ನಡಿಗೆ ಹಾರಿತು. ತಮ್ಮ ಮಾತ್ರ ನಗಲಿಲ್ಲ. ಕೈಯಲ್ಲಿದ್ದ ಕತ್ತರಿಯನ್ನು ಮೆಲ್ಲಗೆ ಕೆಳಗಿಟ್ಟ. ಅವನ ಮುಖ ನೋಡಿ ಅಕ್ಕನ ದನಿ ಇಳಿಯಿತು. ಬಿಚ್ಚಿದ ದಾರವನ್ನು ಮತ್ತೆ ಕಟ್ಟಿದಳು. “ಮೂರು ತಿಂಗಳು ಕೊಡ್ತೀನಿ. ಬಳ್ಳಿ ಮೇಲೆ ಕತ್ತರಿ ನೆರಳೂ ಬೀಳಬಾರದು,” ಎಂದು ಗೋಣಿಚೀಲವನ್ನು ಕನ್ನಡಿಯ ಪಕ್ಕದ ಗೂಟಕ್ಕೆ, ಅವನ ಕಣ್ಣೆದುರಿಗೇ ನೇತುಹಾಕಿ ಹೋದಳು.

ಆ ಮೂರು ತಿಂಗಳು ಗಿರಾಕಿಗಳ ಕಿವಿಯ ಮೇಲಿನ ಕೂದಲು ಎಂದಿಗಿಂತ ಗಿಡ್ಡವಾಯಿತು. ಬಳ್ಳಿ ಕತ್ತರಿಸಲಾಗದ ಕೈತುರಿಕೆಯನ್ನು ಅವನು ಬೇರೆಲ್ಲಿ ತೀರಿಸಿಕೊಳ್ಳಬೇಕು? ಬೋಳು ಕುಡಿಯೊಂದು ಗಡಿಯಾರಕ್ಕೆ ಸುತ್ತಿಕೊಂಡಿತು; ಇನ್ನೊಂದು ಕುರ್ಚಿಯಲ್ಲಿ ಕೂತವರ ಕಿವಿಗೆ ಕಚಗುಳಿಯಿಟ್ಟಿತು. “ಅಂಗಡಿಗೇ ಕ್ಷೌರ ಆಗ್ಬೇಕು ಅಂತ ಕಾಣುತ್ತೆ,” ಎಂದು ಗಿರಾಕಿಗಳು ಚುಡಾಯಿಸಿದರು. ಅವನು ಗೂಟದ ಕಡೆ ನೋಡಿ ಹಲ್ಲು ಕಚ್ಚಿಕೊಂಡ.

ಅಕ್ಕ ಮತ್ತೆ ಬಂದದ್ದು ಒಂದು ಸಂಜೆ. ಹೊಸ್ತಿಲು ದಾಟುವ ಮೊದಲೇ ನಿಂತುಬಿಟ್ಟಳು. ಸೋಪು, ಸ್ನೋಗಳ ವಾಸನೆಯನ್ನು ಪಕ್ಕಕ್ಕೆ ತಳ್ಳಿ ಜೇನಿನಂಥ ಕಂಪು ಬೀದಿಗೇ ಬಂದಿತ್ತು. ಒಳಗೆ ಕನ್ನಡಿಯ ಸುತ್ತ ಏಳು ಗೊಂಚಲು: ಮೇಣದಲ್ಲಿ ಅಚ್ಚೊತ್ತಿದಂಥ ಗುಲಾಬಿ ನಕ್ಷತ್ರಗಳು, ಒಂದೊಂದರ ನಡುವೆ ಕೆಂಪು ಚುಕ್ಕೆ. ಅವಳು ಒಂದು ಗೊಂಚಲಿನ ಕೆಳಗೆ ಮುಖವೊಡ್ಡಿ ಕಣ್ಣು ಮುಚ್ಚಿದಳು. ಕುರ್ಚಿಯಲ್ಲಿದ್ದ ಮೇಷ್ಟ್ರಿಗೆ ನೊರೆ ಹಚ್ಚುತ್ತಿದ್ದ ತಮ್ಮ ಬ್ರಷ್ ಕೆಳಗಿಟ್ಟ. ಸ್ವಲ್ಪ ಹೊತ್ತಾದ ಮೇಲೆ ಅವಳು ಮೂಗೊರೆಸಿಕೊಂಡು ಗೂಟದತ್ತ ಕೈಚಾಚಿದಳು.

“ಅಕ್ಕ!”

“ಚೀಲ ಕೊಡೋ. ಆಲೂಗಡ್ಡೆ ತರ್ಬೇಕು.”

ಅವಳು ಹೋದ ಮೇಲೆ ತಮ್ಮ ಮತ್ತೆ ಮೇಷ್ಟ್ರ ಕಡೆ ತಿರುಗಿದ. ಗಡ್ಡ ಬೋಳಿಸಿ, ಕಿವಿಯ ಹಿಂದೆ ಸವರಿ, ಮೈಮೇಲಿನ ಬಟ್ಟೆ ಕೊಡವಿದ. ಮೇಷ್ಟ್ರು ಏಳಲಿಲ್ಲ.

“ಇವತ್ತು ಕೇಳ್ಲೇ ಇಲ್ವಲ್ಲಯ್ಯ, ಈ ನಾಲ್ಕನ್ನೂ ತೆಗೀಲಾ ಅಂತ?”

ತಮ್ಮ ಅವರ ನಡುನೆತ್ತಿಯನ್ನೊಮ್ಮೆ, ಹೂಗೊಂಚಲನ್ನೊಮ್ಮೆ ನೋಡಿದ. ಬಾಚಣಿಗೆಯಿಂದ ಆ ನಾಲ್ಕು ಕೂದಲನ್ನು ಮೆತ್ತಗೆ ಬಾಚಿದ.

“ಇರ್ಲಿ ಬಿಡಿ ಮೇಷ್ಟ್ರೇ. ಎಲ್ಲಿ ಏನ್ ಬಿಡುತ್ತೋ, ನನಗೇನ್ ಗೊತ್ತು?”