ಸೊಸೆ ಸರಿಮಾಡಿದ ಮೈಕು

ಮಗನ ಮದುವೆಗೆ ತಂಗಿ ಬರಲಿಲ್ಲವೆಂದು ರಂಗಧಾಮಪ್ಪ ಅವಳೊಡನೆ ಮಾತು ಬಿಟ್ಟು ವರ್ಷಗಳಾಗಿದ್ದವು. ಸೊಸೆ ಮಂಗಳಾ ಕಾಡಿಬೇಡಿದ ಮೇಲೆ ಕಂಪ್ಯೂಟರಿನಲ್ಲಿ ಒಂದೇ ಸಲ ಮಾತಾಡಲು ಒಪ್ಪಿದರು. ಜಗಳವಾದರೆ ಈ ಜನ್ಮಕ್ಕೆ ಅಷ್ಟೇ ಎಂದೂ ಹೇಳಿದರು. ಹೆಡ್‌ಸೆಟ್ಟು ತಲೆಗೇರಿತು. ಪರದೆಯಲ್ಲಿ ತಂಗಿಯ ಬಾಯಿ ಆಡುತ್ತಿತ್ತು, ದನಿಯಿಲ್ಲ.

“ಈ ಕಂಪ್ಯೂಟರಿನ ಲಿನಕ್ಸು ಹೆಡ್‌ಸೆಟ್ಟನ್ನೇ ಗುರುತು ಹಿಡೀತಿಲ್ಲ ಮಾವ. ಅವರ ಮಾತು ಇಲ್ಲಿಗೆ ಬರಲ್ಲ, ನಿಮ್ಮದು ಅಲ್ಲಿಗೆ ಹೋಗಲ್ಲ. ನಾನು ಸರಿಮಾಡೋವರೆಗೂ ಮೈಕಿನಲ್ಲಿ ಮಾತಾಡ್ತಾನೇ ಇರಿ.”

“ಏನು ಮಾತಾಡ್ಲಿ?”

“ಬಾಯಿಗೆ ಬಂದದ್ದು.”

ಬಾಯಿಗೆ ಬಂದದ್ದು ಬೈಗುಳ. “ಲಗ್ನಪತ್ರಿಕೆ ಅಂಚೇಲಿ ಬಂತು, ಮನೆಗೆ ಬಂದು ಕುಂಕುಮ ಇಟ್ಟು ಕರೀಲಿಲ್ಲ ಅಂತ ಮುನಿಸ್ಕೊಂಡ್ಯಲ್ಲೇ, ಬಿಂಕದವಳೇ!”

ಮಂಗಳಾ ಕೀಬೋರ್ಡು ಕುಟ್ಟುತ್ತಲೇ ಇದ್ದಳು. ಬೈದೂ ಬೈದೂ ರಂಗಧಾಮಪ್ಪನವರ ಗಂಟಲು ಒಣಗಿತು, ಎದೆ ಹಗುರಾಯಿತು.

“ಪಾಪ, ಇವಳ ತಲೆಯೆಲ್ಲಾ ಬೆಳ್ಳಗಾಗಿದೆ,” ಎಂದರು ಪರದೆ ನೋಡಿ.

“ಸರಿಹೋಯ್ತು ಮಾವ, ಈಗ ಮಾತಾಡಿ.”

“ಚೆನ್ನಾಗಿದೀಯೇನಮ್ಮ?”

“ಚೆನ್ನಾಗಿದೀನಿ ಕಣಣ್ಣ. ನಿನ್ನ ಬೈಯೋದು ಬೇಕಾದಷ್ಟಿತ್ತು, ಎಲ್ಲಾ ನಮ್ಮನೇ ಕೆಟ್ಟ ಮೈಕಿಗೇ ಮುಗಿದೋಯ್ತು. ಇವತ್ತು ಅದು ಕೆಡುತ್ತೆ ಅಂತ ನಿನ್ನ ಸೊಸೆ ನನ್ನ ಸೊಸೆಗೆ ಬೆಳಿಗ್ಗೇನೇ ಹೇಳಿದ್ದಳಂತೆ!”