ಅಮ್ಮಿಯ ಒಂದೇ ಫೋಟೋ

"ಇದ ಗೆದ್ತು!" ಎಂದು ಗುಲ್ನಾಜ ಕಂಪ್ಯೂಟರಿನ ಮುಂದಿನ ಕುರ್ಚಿಯಿಂದ ಅರ್ಧ ಎದ್ದಳು. ಬೆಟಗೇರಿಯ ಫೋಟೋ ಸ್ಟುಡಿಯೋ ಒಂದಕ್ಕಾಗಿ ಜಾವಾ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆಯುತ್ತಿದ್ದ ಪ್ರೋಗ್ರಾಮಿಗೆ, ಫೋಟೋಗಳನ್ನು ಕುಗ್ಗಿಸಿ ಉಳಿಸುವ ಲೈಬ್ರರಿ, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡು, ಬೇಕಿತ್ತು. ಪುಕ್ಕಟೆ ಸಿಗಬೇಕು, ಕುದುರೆಯಂತೆ ಓಡಬೇಕು. ಸಿಕ್ಕ ಎರಡರಲ್ಲಿ ಯಾವುದು ಚುರುಕೆಂದು ನೋಡಲು, ಅವಸರದಲ್ಲಿ ಕೈಗೆ ಬಂದ ಫೋಟೋ ಕೊಟ್ಟು, ಕುಗ್ಗಿಸಿದ್ದನ್ನೇ ಮತ್ತೆ ಮತ್ತೆ ಇನ್ನಷ್ಟು ಕುಗ್ಗಿಸಲು ಹಚ್ಚಿದ್ದಳು.

"ಯಾರು ಗೆದ್ರು ಬೇಟಿ, ನೀನೋ ಆ ಡಬ್ಬಿನೋ?" ಹೊಲಿಗೆ ಬಿಟ್ಟೆದ್ದು ಬಂದ ಅಬ್ಬಾ ಮೌಲಾಸಾಬ ನಕ್ಕರು. "ಆತು, ಜಲ್ದಿ ನಿಮ್ಮ ಅಮ್ಮಿನ್ನ ತೋರಸು. ಹೊಟ್ಟಿ ಹಸದೈತಿ." ತೀರಿಕೊಂಡ ಹೆಂಡತಿಯ ಮುಖ ನೋಡದೆ ಅವರು ಊಟಕ್ಕೆ ಕೂರುತ್ತಿರಲಿಲ್ಲ. ಅವಳದೆಂದು ಇದ್ದದ್ದು ಒಂದೇ ಫೋಟೋ.

ಗುಲ್ನಾಜ ಅದನ್ನು ತೆರೆದಳು. ಮುಖವಿದ್ದಲ್ಲಿ ಬೂದು ಬಣ್ಣದ ಚೌಕಗಳಿದ್ದವು. ಅಬ್ಬಾನಿಗೆ ದಿನಾ ತೋರಿಸಲೆಂದು ಪರದೆಯ ಮೇಲೇ ಇಟ್ಟಿದ್ದ ಫೋಟೋವೇ ಪರೀಕ್ಷೆಗೂ ಕೈಗೆ ಸಿಕ್ಕಿತ್ತು. ಪ್ರತಿ ಸಲವೂ ಹಳೆಯದರ ಮೇಲೆಯೇ ಹೊಸದನ್ನು ಬರೆಯೆಂದು ಪ್ರೋಗ್ರಾಮಿಗೆ ಹೇಳಿದವಳೂ ಅವಳೇ. ಬೇರೆ ನಕಲು ಎಲ್ಲಿಯೂ ಇರಲಿಲ್ಲ.

"ಅಬ್ಬಾ, ನನ್ನಿಂದ ತಪ್ಪಾತ್ರಿ..."

ಅಬ್ಬಾ ಕನ್ನಡಕ ತೆಗೆದು, ಅಂಗಿಯ ಅಂಚಿನಲ್ಲಿ ಒರೆಸಿ, ಹಾಕಿಕೊಂಡು ನೋಡಿದರು. ಮತ್ತೊಮ್ಮೆ ತೆಗೆದು ಒರೆಸಿದರು.

"ಫೋಟೋ ಬ್ಯಾಡಂತ ಮಾರಿ ಮುಚಗೊಂಡಿದ್ಲು ಅಕಿ," ಎಂದರು. "ನೀನ ಹಟಾ ಹಿಡದು, ಸೆರಗ ಸರಿಸಿ ತಗದಿ. ಹೋಗ್ಲಿ ಬಿಡು, ಕಡೀಕರ ಅಕಿ ಮಾತ ನಡೀತು."