ತವರಿಗೆ ಹೊರಟ ವ್ಯಾನು

ಕಿಟಕಿಯ ಸಂದಿಗೆ ಹಳೆಯ ಕಂಬಳಿಯ ಚೂರನ್ನು ತುರುಕಿ, ಬೈರಪ್ಪ ಅಂಗೈ ಒಡ್ಡಿ ನೋಡಿದ. ಇನ್ನೂ ಎಲ್ಲೋ ಗಾಳಿ ಆಡುತ್ತಿತ್ತು. ಚೂರನ್ನು ಕಿತ್ತು, ಮಡಚಿ ದಪ್ಪ ಮಾಡಿ, ಸ್ಕ್ರೂಡ್ರೈವರಿನ ತುದಿಯಿಂದ ಮತ್ತೆ ಒತ್ತಿದ.

"ಸಾಕು ಬೈರಣ್ಣ, ಇರುವೆ ನುಗ್ಗೋಕೂ ಜಾಗ ಇಲ್ಲ" ಎಂದಳು ಪಕ್ಕದ ಮನೆಯ ಪ್ರೇಮಕ್ಕ.

"ಸಾಲ್ದು ಪ್ರೇಮಕ್ಕ. ಒಂದು ಸಂದಿ ಉಳಿದ್ರೂ ಕೆಟ್ಟಿತು. ದೂರದ ದಾರಿ."

ಡಿಸೆಂಬರ್ ತಿಂಗಳು, ಕೊಪ್ಪದ ಹತ್ತಿರದ ನಾರ್ವೆ ಎಂಬ ಹಳ್ಳಿ. ಹೊತ್ತು ಏರಿದರೂ ಮಂಜು ಬಿಟ್ಟಿರಲಿಲ್ಲ. ಮೆಟಡೋರ್ ವ್ಯಾನಿನ ತಗಡು ಮುಟ್ಟಿದರೆ ಕೈ ಕೊರೆಯುತ್ತಿತ್ತು. ಆ ತಗಡಿನ ಒಳಮೈಗೆ ಬೈರಪ್ಪ ಬೆಳಗ್ಗಿನಿಂದ ಥರ್ಮಕೋಲ್ ಅಂಟಿಸಿ, ಅದರ ಮೇಲೆ ಕಂಬಳಿ ಹೊಡೆದಿದ್ದ. ಹಿಂದಿನ ಸೀಟುಗಳನ್ನೆಲ್ಲ ಬಿಚ್ಚಿ ಜಗಲಿಗೆ ಹಾಕಿದ್ದ. ನೆಲಕ್ಕೆ ಮರದ ಹೊಟ್ಟು ಹರಡಿ, ಗೋಣಿ ಹಾಸಿ, ನಡುವೆ ಒಂದು ಮಂಚ ಕೂರಿಸಿದ್ದ. ಅದು ಅಲ್ಲಾಡದಂತೆ ಎಲ್ಲ ಕಾಲಿಗೂ ಹಗ್ಗ ಬಿಗಿದಿದ್ದ.

ಹೋಗಬೇಕಾದದ್ದು ನಾಗರಕೋವಿಲ್ ಕಡೆಯ ಒಂದು ಹಳ್ಳಿಗೆ. ಅದು ಅವನ ಹೆಂಡತಿ ಪೇಚಿಯ ತವರು. ರಸ್ತೆ ಕೆಲಸದವರ ಜೊತೆ ಈ ಕಡೆ ಬಂದ ಹುಡುಗಿಯನ್ನು ಬೈರಪ್ಪ ಮೆಚ್ಚಿ ಮದುವೆಯಾಗಿದ್ದ. ಅವಳು ಕನ್ನಡ ಕಲಿತಳು, ಕಡುಬು ಮಾಡುವುದು ಕಲಿತಳು, ಇಲ್ಲಿನ ಮಳೆಗೂ ಒಗ್ಗಿದಳು. ಚಳಿಯೊಂದನ್ನು ಮಾತ್ರ ಅವಳ ಮೈ ಒಪ್ಪಲೇ ಇಲ್ಲ. ಕಾರ್ತೀಕ ಕಳೆಯಿತೆಂದರೆ ಒಲೆಯ ಮುಂದೆ ಮುದುಡಿ ಕೂರುತ್ತಿದ್ದಳು. "ನಮ್ಮೂರಲ್ಲಿ ಈಗ ಬೀಸಣಿಗೆ ಬೇಕು. ಒಂದ್ಸಲ ಕರ್ಕೊಂಡು ಹೋಗಿ, ಅಮ್ಮನ್ನ ನೋಡ್ಬೇಕು" ಅನ್ನುತ್ತಿದ್ದಳು.

ಬೈರಪ್ಪನ ಉತ್ತರವೂ ಪ್ರತಿ ವರ್ಷ ಒಂದೇ: "ಮುಂದಿನ ವರ್ಷ ನೋಡಣ." ಡಿಸೆಂಬರ್ ಅಂದರೆ ಶಬರಿಮಲೆ ಸೀಸನ್. ವ್ಯಾನಿನ ತುಂಬ ಮಾಲೆ ಹಾಕಿದ ಸ್ವಾಮಿಗಳು. ಅದರಲ್ಲಿ ಅವಳಿಗೆ ಎಲ್ಲಿಯ ಜಾಗ? ಅಲ್ಲಿಂದ ಇನ್ನೊಂದಿಷ್ಟು ದೂರ ಹೋದರೆ ಪೇಚಿಯ ಊರು. ಊರವರನ್ನೆಲ್ಲ ಅಷ್ಟು ದೂರ ಕರೆದೊಯ್ದವನು ಹೆಂಡತಿಯನ್ನು ಮಾತ್ರ ಮನೆಯಲ್ಲೇ ಬಿಟ್ಟು ಹೋಗುತ್ತಿದ್ದ. ದೀಪದ ಬುಡದಲ್ಲಿ ಕತ್ತಲೆ ಅನ್ನುವುದು ಇದಕ್ಕೇ.

ಈ ಸಲ ಆ ಬಾಡಿಗೆಯನ್ನು ಬಿಟ್ಟಿದ್ದ. ಗುರುಸ್ವಾಮಿ ಶೇಷಪ್ಪ ಬಂದ. ಕಪ್ಪು ಪಂಚೆ, ಕೊರಳಲ್ಲಿ ಮಾಲೆ. ಅಂಗಳಕ್ಕೆ ಕಾಲಿಡದೆ ರಸ್ತೆಯಲ್ಲೇ ನಿಂತ. ಬೈರಪ್ಪನೂ ಒಳಗೆ ಕರೆಯಲಿಲ್ಲ.

"ನಮಗೆ ಬೇರೆ ವ್ಯಾನ್ ಆಯ್ತು ಬೈರಪ್ಪ."

"ಕೊನೇ ಗಳಿಗೇಲಿ ಕೈ ಕೊಟ್ಟೆ. ಬೇಜಾರು ಮಾಡ್ಕೋಬೇಡಿ ಸ್ವಾಮಿ."

"ಅದೆಲ್ಲ ಬಿಡು ಮಾರಾಯ. ಡಾಕ್ಟರ್ ಚೀಟಿ ಇಟ್ಕೊಂಡಿದೀಯಾ? ಗಡೀಲಿ ಕೇಳ್ತಾರೆ."

ಬೈರಪ್ಪ ಜೇಬು ಮುಟ್ಟಿ ತೋರಿಸಿದ. "ಕೊಪ್ಪದಿಂದ ಗಾಡಿ ಬಿಟ್ಟಿದೆಯಂತೆ. ಈಗ ಬರುತ್ತೆ" ಎಂದಷ್ಟೇ ಹೇಳಿ ಶೇಷಪ್ಪ ತಿರುಗಿ ನಡೆದ. ಬರ್ತೀನಿ ಅನ್ನಲಿಲ್ಲ.

ಪ್ರೇಮಕ್ಕ ತನ್ನ ಮನೆಯಿಂದ ಗಂಜಿ ತಂದಿಟ್ಟಳು. ಬೈರಪ್ಪನ ಮನೆಯಲ್ಲಿ ಒಲೆ ಹಚ್ಚಿರಲಿಲ್ಲ.

"ಎರಡು ತುತ್ತಾದ್ರೂ ಉಣ್ಣಿ. ರಾತ್ರಿಯಿಡೀ ವ್ಯಾನ್ ಹೊಡೀಬೇಕು."

"ನಾಳೆ ಸಂಜೆಯೊಳಗೆ ಸೇರ್ಲೇಬೇಕು ಪ್ರೇಮಕ್ಕ. ಅತ್ತೆಗೆ ಹಾಸಿಗೆ ಬಿಟ್ಟು ಏಳೋಕಾಗಲ್ಲ, ಇಲ್ಲಿಗೆ ಬರೋ ಹಾಗಿಲ್ಲ. ಮಗಳ ಮುಖ ಒಂದ್ಸಲ ತೋರ್ಸು ಅಂತ ಫೋನಲ್ಲಿ ಒಂದೇ ಸಮ ಅಳ್ತಿದ್ರು. ಅದೊಂದೂ ನಡೆಸಿ ಕೊಡದಿದ್ರೆ ನಾನು ಮನುಷ್ಯನೇ ಅಲ್ಲ."

ಗಂಜಿ ಹಾಗೇ ಆರಿತು.

ಮಗಳು ಭವ್ಯ ನಡುಮನೆಯಿಂದ ಹೊರಗೆ ಬಂದಳು. ಕಣ್ಣು ಕೆಂಪಗಾಗಿತ್ತು, ಕೈಯಲ್ಲಿ ಬಾಚಣಿಗೆ ಇತ್ತು.

"ಅಮ್ಮಂಗೆ ತಲೆ ಬಾಚಿದೆ ಅಪ್ಪ. ಹೂ ಮುಡಿಸ್ಲಾ?"

"ಮುಡಿಸು. ಕುಂಕುಮ ಅಗಲಕ್ಕೆ ಇಡು. ಕೈತುಂಬ ಬಳೆ ಹಾಕು."

"ಸೀರೆ? ಆ ಹಸಿರು..."

"ಸೀರೆ ಇಲ್ಲಿಂದ ಬೇಡ. ಅದು ತವರಿಂದೇ ಆಗ್ಬೇಕು. ಅಜ್ಜಿ ತರಿಸಿಟ್ಟಿದಾರೆ."

ಭವ್ಯ ವೇಲಿನಲ್ಲಿ ಮುಖ ಮುಚ್ಚಿಕೊಂಡು ಒಳಗೆ ಓಡಿದಳು.

ಬೈರಪ್ಪ ವ್ಯಾನಿನೊಳಗೆ ಹೋಗಿ ಮಂಚದ ಅಂಚಿಗೆ ಕೂತ. ಎಷ್ಟು ಸುಲಭದ ಕೆಲಸ! ಒಂದು ಮಂಚ, ಒಂದಷ್ಟು ಕಂಬಳಿ, ಅರ್ಧ ದಿನದ ದುಡಿಮೆ. ಹೋದ ವರ್ಷ ಮಾಡಬಹುದಿತ್ತು. ಅದರ ಹಿಂದಿನ ವರ್ಷವೂ ಮಾಡಬಹುದಿತ್ತು. ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಡ್ಯಾಶ್‌ಬೋರ್ಡಿನ ಮೇಲೆ ಒಂದು ನಿಂಬೆಹಣ್ಣು ಇತ್ತು. ಅಭ್ಯಾಸಬಲದಿಂದ ಅದನ್ನು ಎತ್ತಿಕೊಂಡು ಚಕ್ರದಡಿ ಇಡಲು ಬಗ್ಗಿದ. ಅವನು ಹೊರಟಾಗಲೆಲ್ಲ ಪೇಚಿಯೇ ಇಡುತ್ತಿದ್ದಳು, ಹೋದವರು ಸುಖವಾಗಿ ತಿರುಗಿ ಬರಲಿ ಎಂದು. ಬಗ್ಗಿದವನು ಎದ್ದು, ಹಣ್ಣನ್ನು ಬೇಲಿಯಾಚೆ ಎಸೆದ.

ಕೊಪ್ಪದ ಗಾಡಿ ಬಂತು. ಮೀನು ಮಾರುವವರ ಜೀಪು. ಇಬ್ಬರು ಇಳಿದು, ಗೋಣಿ ಸುತ್ತಿದ ಐಸಿನ ದೊಡ್ಡ ದೊಡ್ಡ ಗಡ್ಡೆಗಳನ್ನು ಹೊತ್ತು ತಂದು ಮಂಚದ ಕೆಳಗೂ ಸುತ್ತಲೂ ಒತ್ತಾಗಿ ಜೋಡಿಸಿದರು. ಆಮೇಲೆ ನಾಲ್ಕು ಜನ ಪೇಚಿಯನ್ನು ಚಾಪೆಯ ಸಮೇತ ಎತ್ತಿ ತಂದು ಮಂಚದ ಮೇಲೆ ಮಲಗಿಸಿದರು. ಬೈರಪ್ಪ ಅವಳ ಪಾದದ ಮೇಲೆ ಒಮ್ಮೆ ಕೈಯಿಟ್ಟು, ಬಾಗಿಲು ಮುಚ್ಚಿ, ಕೊನೆಯ ಸಂದಿಗೂ ಕಂಬಳಿಯ ಚೂರು ಒತ್ತಿದ.

"ಇದೊಂದು ಸಲ ಚಳಿ ತಡ್ಕೊ ಮಾರಾಯ್ತಿ" ಎಂದ. "ನಾಳೆ ನಿಮ್ಮೂರು."